ಕಾರಿಗೆ ದೀಪ ಜೋಡಿಸಿದ ಶ್ರಾವಣ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ. ಕಾರಿನ ವಿಷಯ ಬರೆದು ದೀಪದ ವಿಷಯಕ್ಕೆ ಬರುವ ಹೊತ್ತಿಗೆ ಏನೋ ಕೆಲಸ ನೆನಪಾಗಿ ಎದ್ದುಬಿಡುತ್ತಿದ್ದೆ. ಕೆಲಸವೇನೂ ಇರುತ್ತಿರಲಿಲ್ಲ. ಹೇಳಲು ಮನಸ್ಸಿರಲಿಲ್ಲ, ಅಷ್ಟೇ. ಈಗ ವಯಸ್ಸಾಯಿತು. ಇನ್ನು ಮುಂದೂಡಲು ಜಾಗ ಉಳಿದಿಲ್ಲ.

ಕಾರು ನಮ್ಮ ದೊಡ್ಡಪ್ಪನದು. ರೋಣದಲ್ಲಿ ಅವರದು ಹತ್ತಿ ವ್ಯಾಪಾರ. ನಾವು ಸಣ್ಣವರಿದ್ದಾಗಲೇ ತಂದೆ ತೀರಿಕೊಂಡಿದ್ದರಿಂದ ಅಕ್ಕನೂ ನಾನೂ ಅವರ ಮನೆಯಲ್ಲೇ ಬೆಳೆದೆವು. ಅಕ್ಕನನ್ನು ಹತ್ತಿರದ ಸವಡಿ ಊರಿಗೆ ಕೊಟ್ಟಿತ್ತು. ನಾನು ಮ್ಯಾಟ್ರಿಕ್ ಮುಗಿಸಿ ದೊಡ್ಡಪ್ಪನ ಅಂಗಡಿಯಲ್ಲಿ ಕೂತಿದ್ದೆ, ಕಾರು ನಡೆಸುವುದನ್ನೂ ಕಲಿತಿದ್ದೆ.

ಅದು ಮಹಾಯುದ್ಧಕ್ಕಿಂತ ಮುಂಚಿನ ವಿಲಾಯತಿ ಕಾರು. ಇಂಜಿನ್ ಗಟ್ಟಿ, ಆದರೆ ಮುಂದಿನ ದೀಪಗಳು ಚಿಮಣಿ ಬುಡ್ಡಿಗಿಂತ ಕಡೆ. "ಇದರ ದೀಪ ಹತ್ತಿದಾವೋ ಇಲ್ಲೋ ನೋಡಾಕ ಇನ್ನೊಂದ ದೀಪ ಹಿಡೀಬೇಕು" ಎಂದು ದೊಡ್ಡಪ್ಪ ಬಂದವರ ಮುಂದೆಲ್ಲ ನಗುತ್ತಿದ್ದರು. ನಗುತ್ತಲೇ, ಹೊತ್ತು ಮುಳುಗಿದ ಮೇಲೆ ಕಾರು ಹೊರಗೆ ತೆಗೆಯಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಆ ವರ್ಷ ಬೇಸಿಗೆಯಲ್ಲಿ ಪಕ್ಕದ ಮನೆಯ ಹೆಣ್ಣುಮಗಳಿಗೆ ಸಂಜೆಯ ಹೊತ್ತು ಹೆರಿಗೆ ಕಷ್ಟವಾಯಿತು. ಗದಗಿನ ದವಾಖಾನೆಗೆ ಚಕ್ಕಡಿಯಲ್ಲಿ ಒಯ್ದರು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಕಾರು ಕೊಟ್ಟಿಗೆಯಲ್ಲೇ ನಿಂತಿತ್ತು. ದೊಡ್ಡಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು, "ಏನರ ಮಾಡು, ಇದಕ್ಕೊಂದ ಚಲೋ ದೀಪ ಹಾಕು" ಎಂದರು.

ನರಗುಂದದಲ್ಲಿ ಒಬ್ಬ ಲಾರಿಯವನು ಹಳೆಯ ಮಿಲಿಟರಿ ಲಾರಿಯನ್ನು ಬಿಚ್ಚಿ ಮಾರುತ್ತಿದ್ದ. ಅಲ್ಲಿಗೆ ಹೋಗಿ ಪರಾತದಂಥ ಅಗಲವಾದ ಎರಡು ದೀಪ ತಂದೆ. ಬ್ಯಾಟರಿಗೆ ಅವು ಹೊಂದುತ್ತಿದ್ದವು. ಹಳೆಯ ದೀಪದ ಬುರುಡೆಯೊಳಗೆ ಮಾತ್ರ ಹಿಡಿಸುತ್ತಿರಲಿಲ್ಲ. ಕಮ್ಮಾರನಿಂದ ಕಬ್ಬಿಣದ ಪಟ್ಟಿ ಬಡಿಸಿ, ಎರಡು ಮಡ್‌ಗಾರ್ಡುಗಳ ನಡುವೆ ಅಡ್ಡ ಕೂರಿಸಿ, ಅದರ ಮೇಲೆ ದೀಪಗಳನ್ನು ಬೋಲ್ಟ್ ಹಾಕಿ ನಿಲ್ಲಿಸಿದೆ. ತಂತಿ ಎಳೆದು ಸ್ವಿಚ್ ಒತ್ತಿದರೆ ಒಂದು ಹತ್ತಿತು, ಇನ್ನೊಂದು ಹತ್ತಲಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡೆ. ಕೊನೆಗೆ ಆ ದೀಪದ ಬುಡದ ಬಣ್ಣವನ್ನು ಕೆರೆದು ಕಬ್ಬಿಣಕ್ಕೆ ಕಬ್ಬಿಣ ತಾಗುವಂತೆ ಮಾಡಿದಾಗ ಕರೆಂಟು ಹರಿದು ಅದೂ ಹತ್ತಿತು. ಓಣಿಯ ಹುಡುಗರು ಚೀರಿದರು. ದೊಡ್ಡಮ್ಮ ದೃಷ್ಟಿಯಾಗದಿರಲೆಂದು ನಿಂಬೆಹಣ್ಣು ಇಳಿಸಿ ಎಸೆದಳು.

ಇನ್ನು ಬೆಳಕಿನ ಮಟ್ಟ ಹಿಡಿಯುವುದು ಉಳಿದಿತ್ತು. ನಮ್ಮಲ್ಲಿ ಕಾರಿಗೆಂದು ಬೇರೆ ಮನೆ ಇರಲಿಲ್ಲ. ದನದ ಕೊಟ್ಟಿಗೆಯ ಅರ್ಧ ಭಾಗ ಅದಕ್ಕೆ ಬಿಟ್ಟಿತ್ತು. ಹಿಂದಕ್ಕೆ ನಡೆಸಿ, ಬೆನ್ನು ದನಕ್ಕೆ ಮೇವು ಹಾಕುವ ಗೋದಲಿಯ ಕಡೆಗೆ, ಮೋರೆ ಅಂಗಳದ ಕಡೆಗೆ ಮಾಡಿ ನಿಲ್ಲಿಸುತ್ತಿದ್ದೆವು. ಎದುರಿಗೆ ಅಂಗಳದ ಆಚೆ ಸುಣ್ಣ ಬಳಿದ ಗೋಡೆ. ದೀಪ ನೆಲದಿಂದ ಎಷ್ಟು ಎತ್ತರವೋ ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಎರಡು ಗುರುತು ಹಾಕಿ, ಬೆಳಕು ಅಲ್ಲಿಗೇ ಬೀಳುವಂತೆ ಬೋಲ್ಟ್ ಬಿಗಿ ಮಾಡಿದೆ. ಎಲ್ಲ ಶಾಸ್ತ್ರದ ಪ್ರಕಾರ ಮಾಡಿದೆನೆಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಅದು ನಾಗರ ಪಂಚಮಿಯ ಹಿಂದಿನ ದಿನ. ಅಕ್ಕನನ್ನು ಹಬ್ಬಕ್ಕೆ ಕರೆತರಲು ಮಧ್ಯಾಹ್ನವೇ ಕಾರು ತರುತ್ತೇನೆಂದು ಹೇಳಿ ಕಳಿಸಿದ್ದೆ. ದೀಪದ ಗುಂಗಿನಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹೊರಟಾಗ ಮುಚ್ಚಂಜೆ. ಅಲ್ಲಿ ಅಕ್ಕನಿಗೆ ದಾರಿ ನೋಡಿ ನೋಡಿ ಸಾಕಾದಾಗ, ಮಾವ, ಅಂದರೆ ಅಕ್ಕನ ಗಂಡ, ಚಕ್ಕಡಿ ಹೂಡಿ ಅವಳನ್ನು ಕೂರಿಸಿಕೊಂಡು ಹೊರಟಿದ್ದ. ನೊಗದ ಎಡಗಡೆಗೆ ಕಟ್ಟಿದ್ದು ಅಕ್ಕನ ಹೋರಿ. ಮದುವೆಯಲ್ಲಿ ದೊಡ್ಡಪ್ಪ ಕೊಟ್ಟ ಕರುವನ್ನು ಅವಳೇ ಕೈಯಾರೆ ಮೇಯಿಸಿ ಬೆಳೆಸಿದ್ದಳು. ಆ ಮುಂಗಾರಿನಲ್ಲಷ್ಟೇ ಅದು ನೊಗಕ್ಕೆ ಒಗ್ಗಿತ್ತು.

ಅರ್ಧ ದಾರಿಯ ತಿರುವಿನಲ್ಲಿ ಎದುರಾದೆವು. ಕತ್ತಲಲ್ಲಿ ಎತ್ತುಗಳ ಕಣ್ಣು ಕೆಂಡದ ಹಾಗೆ ಹೊಳೆದವು. ಎಷ್ಟು ದೂರ ಬಿತ್ತಲ್ಲ ನನ್ನ ಬೆಳಕು ಎಂದು ನನಗಾದದ್ದು ಹೆಮ್ಮೆ. "ದೀಪ ಆರಸೋ ತಮ್ಮಾ! ದೀಪ ಆರಸೋ!" ಎಂದು ಅಕ್ಕ ಕೂಗಿದ್ದು ನನಗೆ ಕೇಳಿಸಿತು. ನೋಡಲಿ ಎಂದು ನಾನು ಆರಿಸಲಿಲ್ಲ. ಹೋರಿ ಮುಖ ತಿರುಗಿಸಿ ಪಕ್ಕಕ್ಕೆ ಹಾರಿತು. ಗಾಲಿ ಮಳೆಗೆ ನೆನೆದ ಎರೆಮಣ್ಣಿನ ತಗ್ಗಿಗೆ ಇಳಿದು ಚಕ್ಕಡಿ ಮಗುಚಿತು. ಶೇಂಗಾ ಉಂಡಿಯ ಬುಟ್ಟಿ ಕೆಸರಿನಲ್ಲಿ ಉರುಳಿತು. ಅಕ್ಕನ ಬಲಗೈ ಮುರಿಯಿತು.

ಮನೆಯಲ್ಲಿ ಕೈಗೆ ಪಟ್ಟು ಕಟ್ಟುತ್ತಿರುವಾಗ ದೊಡ್ಡಪ್ಪ ಕೇಳಿದರು: "ಹ್ಯಾಂಗಾತಿದು?"

ಯಾರೂ ಬಾಯಿ ತೆರೆಯುವ ಮೊದಲೇ ನಾನೆಂದೆ: "ಹೋರಿ ಬೆದರ್ತರಿ. ಮಾವ ತೂಕಡಸಾಕತ್ತಿದ್ದ, ಹಗ್ಗ ಸಡ್ಲ ಬಿಟ್ಟಿದ್ದ."

ಅಕ್ಕ ನೋವಿನಲ್ಲೂ ತಲೆ ಎತ್ತಿದಳು. "ಸುಳ್ಳ ಹೇಳಬ್ಯಾಡೋ. ಅವರು ಎಚ್ಚರಿದ್ರು. ನಿನ್ನ ದೀಪ ನೆಲಾ ಬಿಟ್ಟು ಎತ್ತಿನ ಕಣ್ಣಿಗೇ ಹೊಡೀತು."

"ನೆಲಕ್ಕ ಯಾವುದು, ಕಣ್ಣಿಗೆ ಯಾವುದು ಅಂತ ಅಳದ ನೋಡಿದೇನ ನೀ? ಗ್ವಾಡಿಗೆ ಗುರ್ತ ಹಾಕಿ ಹಿಡದೀನಿ ನಾ. ಗಂಡನ್ನ ಉಳಸಾಕ ಏನರ ಅಂತೀ."

ಕೂತವರೆಲ್ಲ ನಕ್ಕರು. "ಹೆಣ್ಣಮಕ್ಕಳ ನ್ಯಾಯ ಯಾವಾಗೂ ಗಂಡನ ಕಡೇನ" ಎಂದು ಯಾರೋ ಸೇರಿಸಿದರು. ಅಕ್ಕ ಮಾವನ ಕಡೆ ನೋಡಿದಳು. ಹೆಂಡತಿಯ ತವರಿನಲ್ಲಿ, ಹಬ್ಬದ ಹೊತ್ತಿನಲ್ಲಿ, ಅಳಿಯ ವಾದ ಮಾಡುವುದಿಲ್ಲ.

"ಬೆದರೂ ಎತ್ತ ಜೀವಕ್ಕ ಅಪಾಯ. ಗಜೇಂದ್ರಗಡದ ಸಂತಿಗೆ ಹೊಡಕೊಂಡ ಹೋಗಿ ಮಾರಿಬಿಡು" ಎಂದರು ದೊಡ್ಡಪ್ಪ.

"ಆತ್ರಿ" ಎಂದ ಮಾವ.

ಮರುದಿನ ಓಣಿಯ ಹೆಣ್ಣುಮಕ್ಕಳೆಲ್ಲ ಜೋಕಾಲಿ ಜೀಕುವಾಗ ಅಕ್ಕ ಕಟ್ಟೆಯ ಮೇಲೆ ಕೂತು ನೋಡಿದಳು.

ಹಬ್ಬ ಮುಗಿದ ಮೇಲೆ ಕೊಟ್ಟಿಗೆ ತೊಳೆಯಲು ಕೊಡ ನೀರು ಗೋದಲಿಯ ಬುಡಕ್ಕೆ ಸುರಿದೆ. ನೀರು ಕಾರಿನ ಕೆಳಗೆ ಸರಸರ ಹರಿದು ಅಂಗಳದ ಗಟಾರಕ್ಕೆ ಹೋಯಿತು. ಕೊಡ ಹಿಡಿದುಕೊಂಡೇ ನಿಂತೆ. ಗಂಜಲ ಹರಿದು ಹೋಗಲೆಂದು ಕೊಟ್ಟಿಗೆಯ ನೆಲವನ್ನು ಇಳಿಜಾರು ಮಾಡಿರುತ್ತಾರೆ. ಆ ನೆಲದ ಮೇಲೆ ಸಣ್ಣವನಿದ್ದಾಗಿನಿಂದ ಓಡಾಡಿದವನು ನಾನು. ಕಾರು ಮೋರೆ ಕೆಳಗೆ ಮಾಡಿ ನಿಂತಿದ್ದಾಗ ದೀಪದ ಮಟ್ಟ ಹಿಡಿದಿದ್ದೆ. ಸಮನಾದ ರಸ್ತೆಗೆ ಬಂದೊಡನೆ ಬೆಳಕು ಮೇಲೆದ್ದಿತ್ತು. ಅಕ್ಕ ಹೇಳಿದ ಹಾಗೆಯೇ ಕಣ್ಣಿಗೆ ಹೊಡೆದಿತ್ತು.

ಸಂತೆಗೆ ಇನ್ನೂ ದಿನವಿತ್ತು. ಒಂದು ಮಾತು ಹೇಳಿದ್ದರೆ ಹೋರಿ ಉಳಿಯುತ್ತಿತ್ತು. ನಾನು ಯಾರಿಗೂ ಹೇಳದೆ ಕಾರನ್ನು ಕಣದ ಸಮನೆಲಕ್ಕೆ ಒಯ್ದು, ಬೋಲ್ಟ್ ಸಡಿಲಿಸಿ ದೀಪಗಳನ್ನು ಬಗ್ಗಿಸಿಕೊಂಡು ಬಂದೆ. ಸವಡಿಗೆ ಹೊರಟಾಗ ಅಕ್ಕ ಬಗ್ಗಿದ ದೀಪಗಳನ್ನು ನೋಡಿ ಕೇಳಿದಳು: "ದೀಪ ಸರಿ ಮಾಡಿದೇನೋ?"

"ಮೊದಲಿಂದೂ ಸರೀನ ಇದ್ವು" ಎಂದೆ.

"ಭಾಳ ಶಾಣ್ಯಾ ಇದ್ದೀ" ಎಂದು ಕಾರು ಹತ್ತಿದಳು. ಹೋರಿಯನ್ನು ಆ ವಾರವೇ ಮಾರಿದರು.

ಆ ದೀಪಗಳು ಮಾತ್ರ ಮುಂದೆ ಬಹಳ ಬಾಳಿದವು. ಹೊತ್ತು ಮುಳುಗಿದ ಮೇಲೆ ಕಾರು ತೆಗೆಯಬಾರದೆಂಬ ಅಪ್ಪಣೆ ತಾನಾಗಿಯೇ ಹೋಯಿತು. ಇಟಗಿಯಿಂದ, ಲಕ್ಕಲಕಟ್ಟಿಯಿಂದ ಜನ ಬಂದು ಬಾಗಿಲು ಬಡಿಯುತ್ತಿದ್ದರು. ಹಾವು ಕಡಿದವರನ್ನೂ ಹೆರಿಗೆಯ ಹೆಂಗಸರನ್ನೂ ಗದಗಿಗೆ ಒಯ್ದೆ. ಎದುರಿಗೆ ಚಕ್ಕಡಿ ಕಂಡೊಡನೆ ದೀಪ ಆರಿಸಿ ಪಕ್ಕಕ್ಕೆ ನಿಲ್ಲುತ್ತಿದ್ದೆ. ಮತ್ತೆ ಯಾವ ಎತ್ತೂ ನನ್ನಿಂದ ಬೆದರಲಿಲ್ಲ. ಒಂದೆರಡು ವರ್ಷಕ್ಕೆ ಪಕ್ಕದ ಮನೆಯ ಅದೇ ಹೆಣ್ಣುಮಗಳಿಗೆ ಮತ್ತೆ ದಿನ ತುಂಬಿದಾಗ, ತವರಿಗೆ ಬಂದಿದ್ದ ಅಕ್ಕ ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಗದಗು ಮುಟ್ಟಿ ಸ್ವಲ್ಪ ಹೊತ್ತಿಗೆಲ್ಲ ಹೆಣ್ಣುಮಗು ಅತ್ತಿತು. ದವಾಖಾನೆಯ ಮೆಟ್ಟಿಲ ಮೇಲೆ ಅಕ್ಕ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, "ಚಲೋ ದೀಪ ಹಾಕೀಯೋ ತಮ್ಮಾ. ಪುಣ್ಯೇದ ಕೆಲಸ ಆತು" ಎಂದಳು. ಆಗಲೂ ಹೇಳಬಹುದಿತ್ತು. ಮಗುವಿಗೆ ಹೆಸರೇನಿಡುತ್ತಾರಂತೆ ಎಂದು ಕೇಳಿದೆ.

ಮಾವನ ಮುಂದೆ ಮಾತ್ರ ಒಪ್ಪಿಕೊಂಡೆ, ಬಹಳ ವರ್ಷಗಳ ಮೇಲೆ, ಅವನ ಹೊಲದ ಬದುವಿನಲ್ಲಿ ಕೂತು. ಅವನು ಎಲೆಗೆ ಸುಣ್ಣ ಹಚ್ಚುತ್ತ ನಕ್ಕುಬಿಟ್ಟ.

"ಕಣ್ಣ ತಕ್ಕೊಂಡ ಕೂತಾವನ್ನ ನಿದ್ದಿ ಮಾಡಾಕತ್ತಿದ್ದ ಅಂದಾಗ್ಲೇ ಗೊತ್ತಾತು ನನಗ, ನೀ ಅಂಜೀದಿ ಅಂತ. ಹುಡುಗ ಇದ್ದಿ, ಬಿಟ್ಟೆ."

"ನಂದ ತಪ್ಪಾತು ಮಾವ."

"ನನ್ನ ಮುಂದ ಅಂದ್ರ ಏನ ಬಂತೋ? ನನಗ ನಿದ್ದಿಬಡಕ ಅಂದಿ, ಅಷ್ಟ. ಖರೇ ಹೇಳಿದಾಕಿನ್ನ ನಾಕ ಮಂದ್ಯಾಗ ಸುಳ್ಳಿ ಮಾಡಿದಿ. ಆಕಿ ಮುಂದ ಹೇಳು."

ಹೇಳುತ್ತೇನೆಂದೆ. ಮಾವ ಹೋಗಿಯೂ ಬಹಳ ಕಾಲವಾಯಿತು. ಅಕ್ಕ ಗಟ್ಟಿಯಾಗಿದ್ದಾಳೆ, ಕಿವಿ ಚುರುಕಾಗಿದೆ, ಈಗಲೂ ನನ್ನನ್ನು ಬೈಯುವಷ್ಟು ಉಸಿರಿದೆ. ಇದನ್ನು ಅಚ್ಚಿಗೆ ಕೊಡುವ ಮೊದಲು ಸವಡಿಗೆ ಹೋಗಿ, ಅವಳ ಮಕ್ಕಳು ಮೊಮ್ಮಕ್ಕಳೆಲ್ಲ ಕೂತಿರುವಾಗಲೇ ಗಟ್ಟಿಯಾಗಿ ಓದುತ್ತೇನೆ. ನಾಲ್ಕು ಜನರ ಮುಂದೆ ಕಸಿದದ್ದನ್ನು ನಾಲ್ಕು ಜನರ ಮುಂದೆಯೇ ಕೊಡಬೇಕು. ನಾನು ಇಂದಿನವರೆಗೆ ತಪ್ಪಾಯಿತು ಎನ್ನದೆ ಉಳಿದದ್ದು ಒಬ್ಬಳಿಗೆ, ನನ್ನ ಒಡಹುಟ್ಟಿದ ಅಕ್ಕನಿಗೆ.