ಎಡಗಡೆಯ ಶಾಕಬ್

ಹೈಸ್ಕೂಲಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಸಾಮಾನು ಜೋಡಿಸುವುದು, ಮುರಿದದ್ದನ್ನು ರಿಪೇರಿ ಮಾಡುವುದು ಅವಳ ಕೆಲಸ. ಮಕ್ಕಳಿಗೆಲ್ಲ ಅವಳು ಲ್ಯಾಬಕ್ಕ. ಮಾತು ಚುರುಕು, ಕೈ ಇನ್ನೂ ಚುರುಕು. ಆದರೆ ಸ್ಪ್ರಿಂಗಿಗೆ ತೂಕ ನೇತುಹಾಕುವ ಪ್ರಯೋಗದ ದಿನ ಮಾತ್ರ ಏನಾದರೊಂದು ನೆಪ ತೆಗೆದು ಹೊರಗೆ ಹೋಗಿ ನಿಲ್ಲುತ್ತಿದ್ದಳು.

ಅದಕ್ಕೆ ಕಾರಣ ಬಾಡಿಗೆಮನೆಯ ಪಕ್ಕದ ಶೆಡ್ಡಿನಲ್ಲಿತ್ತು: ಅಣ್ಣನ ಹಳೇ ಕಾರು. ಹಳ್ಳ ಬಂದಾಗಲೆಲ್ಲ ಹಿಂದೆ ಕೂತವರು ಚೆಂಡಿನ ಹಾಗೆ ಪುಟಿಯುತ್ತಾರೆಂದು ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಅಣ್ಣ ತಾನೇ ಕುಲುಕಾಟ ತಡೆಯುವ ಹಿಂದಿನ ಎರಡೂ ಶಾಕಬ್ (ಶಾಕ್ ಅಬ್ಸಾರ್ಬರ್) ಬದಲಿಸಲು ಕೂತಿದ್ದ. ಬಲಗಡೆಯದು ಮುಗಿಯಿತು. ಎಡಗಡೆ ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಕೂಗಿದ: "ಏ, ಒಳಗಿಂದ ಆ ಮರದ ದಿಮ್ಮಿಗಳನ್ನ ತಗೊಂಡು ಬಾರೇ, ಕೆಳಗೆ ಆಸರೆ ಕೊಡ್ಬೇಕು."

ಅವಳು ಫೋನಿನಲ್ಲಿ ಗೆಳತಿಯೊಡನೆ ಹರಟೆಯಲ್ಲಿದ್ದಳು. "ಐದು ನಿಮಿಷ, ಬಂದೆ," ಎಂದಳು.

ಅಣ್ಣ ಕಾಯುವ ಜಾಯಮಾನದವನಲ್ಲ; ಹಾಗೇ ಕಾರಿನ ಕೆಳಗೆ ನುಸುಳಿದ. ಜಾಕ್ ಜಾರಿತು. ಅಕ್ಕಪಕ್ಕದವರು ಓಡಿಬಂದು ಕಾರನ್ನು ಎತ್ತಿ ಅವನನ್ನು ಹೊರಗೆ ಎಳೆದರು; ಅದೇ ದಿಮ್ಮಿಗಳನ್ನು ಆಮೇಲೆ ಕೆಳಗೆ ತುರುಕಿದರು. ಅಣ್ಣ ಆಸ್ಪತ್ರೆಯಿಂದ ಮನೆಗೆ ವಾಪಸು ಬರಲಿಲ್ಲ.

ಅಂದಿನಿಂದ ಕಾರು ಮೂರು ಚಕ್ರದ ಮೇಲೆ ಹಾಗೇ ನಿಂತಿತು. ಮನೆಯಲ್ಲಿ ಉಳಿದವರು ಅತ್ತಿಗೆ, ನಾದಿನಿ ಇಬ್ಬರೇ. ಕೊಳ್ಳಲು ಬಂದವರನ್ನು ಅತ್ತಿಗೆ ಬಾಗಿಲಿನಲ್ಲೇ ಸಾಗಹಾಕುತ್ತಿದ್ದರು. ಲ್ಯಾಬಕ್ಕ ಶೆಡ್ಡಿನ ಕಡೆ ತಲೆ ಹಾಕುತ್ತಿರಲಿಲ್ಲ. ಆದರೂ ಬಟ್ಟೆ ಹಿಂಡುವಾಗ, ಬೀಗ ಹಾಕುವಾಗ, ಕಿವಿಯ ಹತ್ತಿರವೇ ಅಣ್ಣ ಕೇಳುತ್ತಿದ್ದ: "ಐದು ನಿಮಿಷ ಆಯ್ತೇನೇ?" ಕೋಪದ ಧ್ವನಿಯಲ್ಲ, ತಮಾಷೆಯ ಧ್ವನಿ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಈ ವರ್ಷ ಮನೆಯ ಮಾಲೀಕ ಶೆಡ್ಡು ಕೆಡವುತ್ತೇನೆಂದ. ಕಾರನ್ನು ಲಾರಿಗೆ ಹಾಕಿ ಗುಜರಿಗೆ ಸಾಗಿಸುತ್ತೇನೆಂದೂ ಹೇಳಿದ.

"ಹೆಣ ಎತ್ತಿದ ಹಾಗೆ ಎತ್ಕೊಂಡು ಹೋಗೋದು ಬೇಡ," ಎಂದರು ಅತ್ತಿಗೆ. "ತನ್ನ ಚಕ್ರದ ಮೇಲೇ ಹೋಗ್ಲಿ. ಇನ್ನೊಂದು ಶಾಕಬ್ ಡಬ್ಬಿಯಲ್ಲೇ ಇದೆ. ನೀನು ಹಾಕ್ತೀಯಾ?"

"ಮೆಕ್ಯಾನಿಕ್ ಕರೀತೀನಿ ಅತ್ತಿಗೆ."

"ಬೇಡ. ಅದು ಮನೆಯವರ ಕೆಲಸ."

ಅವಳು ಎರಡು ಕಬ್ಬಿಣದ ಸ್ಟ್ಯಾಂಡು ಕೊಂಡು ತಂದಳು. ಮುಂದಿನ ಚಕ್ರಗಳ ಹಿಂದೆ ಮುಂದೆ ಕಲ್ಲು ಇಟ್ಟಳು. ಜಾಕಿನಿಂದ ಎತ್ತಿ, ದಿಮ್ಮಿ ತೆಗೆದು ಸ್ಟ್ಯಾಂಡು ಕೊಟ್ಟು, ಆಕ್ಸಲ್ ಕುಸಿಯದಂತೆ ಅದರ ಕೆಳಗೆ ಜಾಕ್ ತಾಗಿಸಿದಳು. ಆಮೇಲೆ ಕಾರಿಗೆ ಭುಜ ಕೊಟ್ಟು ಜೋರಾಗಿ ನೂಕಿದಳು. ಅಲುಗಲಿಲ್ಲ. ಮತ್ತೆ ನೂಕಿದಳು. ಏಳನೆಯ ಸಲಕ್ಕೆ ಅತ್ತಿಗೆ, "ಸಾಕು ಕಣೇ, ಇನ್ನು ನೀನೇ ಬೀಳಿಸ್ತೀಯ," ಎಂದರು.

ಡಿಕ್ಕಿಯೊಳಗೆ ಶಾಕಬ್ಬಿನ ಮೇಲಿನ ನಟ್ಟು ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ತುಕ್ಕು ಕಚ್ಚಿಕೊಂಡು ಕೂತಿತ್ತು. ಕೆಳಗಿನದು ಇನ್ನೂ ಕಷ್ಟವಿರುತ್ತದೆಂದು ಅವಳು ಸ್ಪ್ಯಾನರ್ ಕೂರಿಸಿ ಮೈಭಾರವನ್ನೆಲ್ಲ ಹಾಕಿದಳು. ನಟ್ಟು ಗರಕ್ಕನೆ ತಿರುಗಿತು. ಅವಳ ಬೆರಳಗೆಣ್ಣು ಕಬ್ಬಿಣಕ್ಕೆ ಬಡಿದು ಸುಲಿಯಿತು.

ಅಣ್ಣ ಅದನ್ನಾಗಲೇ ಸಡಿಲಿಸಿದ್ದ. ಅವನು ಕೊನೆಯದಾಗಿ ತಿರುಗಿಸಿದ ಸುತ್ತು ಅದು. ಮುಂದಿನ ಸುತ್ತು ಅವಳ ಕೈಯಲ್ಲಿತ್ತು.

ಅವಳು ಕಾರಿನ ಪಕ್ಕ ನೆಲದ ಮೇಲೇ ಕೂತುಬಿಟ್ಟಳು. "ಅತ್ತಿಗೆ, ಅವತ್ತು ಅಣ್ಣ ದಿಮ್ಮಿ ತಗೊಂಡು ಬಾ ಅಂದಿದ್ದ. ನಾನು ಐದು ನಿಮಿಷ ಅಂದೆ. ನಾಲ್ಕು ವರ್ಷದಿಂದ ನಿಮಗೆ ಹೇಳೋಕೆ ಬಾಯಿ ಬರಲಿಲ್ಲ."

ಅತ್ತಿಗೆ ಬಟ್ಟೆಚೂರಿನಿಂದ ನಟ್ಟು ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು.

"ನಂಗೆ ಕೇಳಿಸಿತ್ತು," ಎಂದರು. "ಅಡುಗೆಮನೆ ಕಿಟಕಿ ತೆರೆದೇ ಇತ್ತಲ್ಲ. ದಿಮ್ಮಿಗಳು ನನ್ನ ಕಾಲ ಬುಡದಲ್ಲೇ ಇದ್ವು. ತಂಗೀನ ಕರೀತಿದಾರೆ, ಅವಳೇ ಕೊಡ್ಲಿ ಅಂದ್ಕೊಂಡೆ. ಹಿಂದಿನ ದಿನ ಜಗಳ ಆಡಿದ್ವಿ."

ಶೆಡ್ಡಿನ ತಗಡು ಬಿಸಿಲಿಗೆ ಟಣ್ ಎಂದಿತು. ಇಬ್ಬರೂ ಒಟ್ಟಿಗೇ ಬೆಚ್ಚಿದರು.

"ನಿಮಗೂ ಅವನ ಧ್ವನಿ ಕೇಳುತ್ತಾ?"

"ನಂಗೆ ಧ್ವನಿ ಇಲ್ಲ," ಎಂದರು ಅತ್ತಿಗೆ. "ಕಿಟಕಿ ತೆಗೆದರೆ ಬೆನ್ನು ಕಾಣ್ಸುತ್ತೆ. ಬಗ್ಗಿ ಏನೋ ಹುಡುಕ್ತಿರ್ತಾರೆ. ಅದಕ್ಕೇ ತೆಗೆಯೋದು ಬಿಟ್ಟೆ."

ಎಣ್ಣೆ ಸೋರಿ ಸತ್ವ ಹೋಗಿದ್ದ ಹಳೇ ಶಾಕಬ್ ಒತ್ತಿದಲ್ಲೇ ಉಳಿಯಿತು. ಹೊಸದನ್ನು ಅದುಮಿ ಕಟ್ಟಿದ್ದ ಪಟ್ಟಿ ಕತ್ತರಿಸಿದಾಗ ಅದು ಅವಳ ಅಂಗೈಯಲ್ಲಿ ತಾನಾಗಿ, ನಿಧಾನವಾಗಿ, ಉಸಿರು ಎಳೆದಂತೆ ಉದ್ದವಾಯಿತು. ಕೈಬಿಡುವುದರಲ್ಲಿದ್ದಳು; ಅತ್ತಿಗೆ ಇನ್ನೊಂದು ತುದಿ ಹಿಡಿದುಕೊಂಡರು. ಮಲಗಿಸಿಟ್ಟದ್ದರಿಂದ ಒಳಗೆ ಗಾಳಿ ಸೇರಿರುತ್ತದೆ. ನೆಟ್ಟಗೆ ನಿಲ್ಲಿಸಿ ಐದಾರು ಸಲ ಒತ್ತಿ ಬಿಟ್ಟು ಅದನ್ನು ಹೊರಗಟ್ಟಿದರು. ಕೆಳಗೆ ಕೂರಿಸಿ, ಮೇಲೆ ತೂರಿಸಿ, ಚಕ್ರ ಹಾಕಿ ಕಾರನ್ನು ಇಳಿಸಿದರು. ಭಾರವೆಲ್ಲ ನೆಲಕ್ಕೆ ಬಂದ ಮೇಲೆ ನಟ್ಟುಗಳನ್ನು ಕೊನೆಯ ಸಲ ಬಿಗಿದರು. ಅತ್ತಿಗೆ ಡಿಕ್ಕಿಯ ಮೇಲೆ ಎರಡೂ ಕೈಯಿಟ್ಟು ಅದುಮಿದರು. ಕಾರು ಒಮ್ಮೆ ಎದ್ದು ಸುಮ್ಮನೆ ನಿಂತಿತು.

ಬ್ಯಾಟರಿ, ಬ್ರೇಕು, ಟೈರು ನೋಡಲು ಮೆಕ್ಯಾನಿಕ್ ಬಂದ. ವಾರದ ಮೇಲೆ ಕಾರು ಶೆಡ್ಡಿನಿಂದ ತನ್ನ ಚಕ್ರದ ಮೇಲೇ ಹೊರಟು ಬೀದಿಗೆ ಬಂತು.

ಗುಜರಿಗೆ ಹಾಕುವ ಮಾತು ಆಮೇಲೆ ಏಳಲಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ಅತ್ತಿಗೆ ಡ್ರೈವಿಂಗ್ ಕಲಿಯುತ್ತಿದ್ದಾರೆ. ಗೇರಿಗೆ ಬೈಯುತ್ತಾರೆ, ಅಡ್ಡ ಬಂದ ಸೈಕಲ್ಲಿನವರಿಗೂ ಬೈಯುತ್ತಾರೆ. ಪಕ್ಕದಲ್ಲಿ ಕೂತ ಲ್ಯಾಬಕ್ಕ ನಗುತ್ತಾಳೆ. ಕನ್ನಡಿಯಲ್ಲಿ ಹಿಂದಿನ ಖಾಲಿ ಸೀಟು ಕಂಡಾಗ ಮಾತ್ರ, ಅಲ್ಲಿ ಯಾರೋ ಕೂತಿರುವಂತೆ, ಅತ್ತಿಗೆ ಹಳ್ಳಗಳನ್ನು ನಿಧಾನವಾಗಿ ದಾಟಿಸುತ್ತಾರೆ.