ಮಲ್ಲಿಗೆಯ ಹಳದಿ ಚಿಗುರು

ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೋಟರ್ ರಿಪೇರಿಯ ಚಾಚಾ, ಯಾರ ಮನೆಗೆ ಬಂದರೂ ಮೊದಲು ಕುಂಡದ ಗಿಡದ ಹತ್ತಿರ ಹೋಗುತ್ತಿದ್ದರು. ಎಣ್ಣೆ ಹತ್ತಿದ ಕೈಯನ್ನು ಲುಂಗಿಗೆ ಒರೆಸಿಕೊಂಡು, ಒಂದು ಎಲೆ ಮಗುಚಿ ನೋಡಿ, “ಎಲಿ ಸುಳ್ಳು ಹೇಳಂಗಿಲ್ರಿ” ಅನ್ನುತ್ತಿದ್ದರು.

ನಮ್ಮ ಓಣಿಗೆ ಬೋರಿನ ನಲ್ಲಿ ಬಂದ ಹೊಸತು; ಗಿಡಕ್ಕೂ ಅದೇ ನೀರು. ಅಮ್ಮ ಕಾಲು ಮುರಿದುಕೊಂಡು ಮಲಗಿದ್ದಳು. ಅವಳ ಕೋಣೆಯ ಕಿಟಕಿಯಲ್ಲಿದ್ದ ಮಲ್ಲಿಗೆ ಹಳದಿಯಾಗತೊಡಗಿತು. “ಗಿಡ ಹಸದೈತಿ” ಎಂದು ಚಾಚಾ ಯೂರಿಯಾ ಹಾಕಿಸಿದರು. ವಾರದೊಳಗೆ ಎಲೆಗಳ ತುದಿ ಸುಟ್ಟುಹೋಯಿತು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು.

ಚಾಚಾ ಬಂದು ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡಿದರು.

“ತಪ್ಪು ನಂದ್ರಿ ಅಕ್ಕಾರ. ಎಲಿ ಹೇಳಿತ್ತು, ನಾನ ಕೇಳಲಿಲ್ಲ. ಹಳೇ ಎಲಿ ಹಸರ ಅದಾವ, ಚಿಗುರಷ್ಟ ಹಳದಿ ಆಗೈತಿ. ಮಣ್ಣಾಗ ಊಟ ಐತಿ, ಬೋರಿನ ಸವಳು ನೀರು ತಿನ್ನಾಕ ಬಿಡವಲ್ದು.”

ಅಂದೇ ಕುಂಡದ ಮಣ್ಣು ಬದಲಿಸಿದರು. ಮರುದಿನದಿಂದ ಅಂಗಡಿ ತೆರೆಯುವ ಮುಂಚೆ, ಊರಾಚೆಯ ಸಿಹಿನೀರಿನ ಬಾವಿಯಿಂದ ಸೈಕಲ್ಲಿಗೆ ಕೊಡ ಕಟ್ಟಿಕೊಂಡು ನೀರು ತಂದರು. “ಸಾಕು ಬಿಡ್ರಿ ಅಣ್ಣಾ” ಎಂದು ಅಮ್ಮ ಹೇಳಿದರೂ ಬಿಡಲಿಲ್ಲ. ಬೆಳಗಿನ ಆ ಸೈಕಲ್ಲಿನ ಸದ್ದು ನನಗೆ ಇನ್ನೂ ಕೇಳಿಸುತ್ತದೆ.

ಎರಡು ತಿಂಗಳಿಗೆ ಹಸಿರು ಚಿಗುರು ಬಂತು, ಆಮೇಲೆ ಮೊಗ್ಗು. ಮೊದಲ ಹೂ ಅರಳಿದ ದಿನ ಅಮ್ಮ ಕೋಲೂರಿ ಎದ್ದು, ಕಿಟಕಿಯವರೆಗೆ ತಾನೇ ನಡೆದಳು. ಚಾಚಾ ಕೊಡ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಅಮ್ಮ ಹೂ ಕಿತ್ತು ಅವರ ಅಂಗೈಯಲ್ಲಿಟ್ಟು, “ನಿಮ್ಮ ಮನಿಯವರಿಗೆ ಮುಡಸ್ರಿ” ಎಂದಳು.

ಚಾಚಾ ಅಂಗೈ ಮುಚ್ಚಿಕೊಂಡು, ಅಂಗಡಿಯ ದಾರಿ ಬಿಟ್ಟು ಮನೆಗೆ ಹೋದರು.