ಪುಲಕೇಶಿ ಇಳಿದ ತೋಟ

ನಮ್ಮ ಭೂಪಾಲ ಮಾಸ್ತರರು ಇತಿಹಾಸ ಕಲಿಸುತ್ತಿದ್ದ ಕಾಲಕ್ಕೆ ಯಾವ ರಾಜನೂ ಮಲಕಾರಿಯ ತೋಟಕ್ಕೆ ಬಾರದೆ ಯುದ್ಧಕ್ಕೆ ಹೋದದ್ದಿಲ್ಲ.

ಹಾರೂಗೇರಿಯಿಂದ ಒಳಗೆ, ಕಬ್ಬಿನ ನಡುವಿನ ಗಾಡಿದಾರಿ ಹಿಡಿದು ಹೋದರೆ ಮಲಕಾರಿಯ ತೋಟಕ್ಕೆ ಹೊಂದಿಕೊಂಡೇ ನಮ್ಮ ಶಾಲೆ. ಈ ಕಡೆ ಬಹಳ ಮಂದಿ ಊರೊಳಗೆ ಇರುವುದಿಲ್ಲ, ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ. ಯಾರ ಜಮೀನೋ ಅವರ ಹೆಸರಿನ ತೋಟ, ಆ ತೋಟದ ಹೆಸರಿನದೇ ಶಾಲೆ. ಮಕ್ಕಳು ಕಂಡ ಜಗತ್ತೆಂದರೆ ಕಬ್ಬು, ಎಮ್ಮೆ, ಹಾರೂಗೇರಿ ಸಂತೆ. ಅಂಥವರಿಗೆ ಬಾದಾಮಿ ಎಲ್ಲಿ, ನರ್ಮದೆ ಎಲ್ಲಿ? ಅದರಲ್ಲೂ ಇತಿಹಾಸದ ಪೀರಿಯಡ್ ಬಿಸಿಯೂಟದ ಬೆನ್ನಿಗೇ ಬರುತ್ತಿತ್ತು. ಪುಲಕೇಶಿ ಪಟ್ಟಕ್ಕೇರುವಷ್ಟರಲ್ಲಿ ಅರ್ಧ ವರ್ಗ ತೂಕಡಿಸುತ್ತಿತ್ತು.

ಒಂದು ದಿನ ಮಲಕಾರಿಯ ಮಗಳು ಶೈಲಾ ಆಕಳಿಸುತ್ತಲೇ ಕೇಳಿದಳು: "ಸರ್, ಆಂವ ನರ್ಮದೆಗೆ ಹೋಗುವಾಗ ನಮ್ಮ ತ್ವಾಟದ ಮ್ಯಾಲೆ ಹೋಗಿದ್ನೇನ್ರಿ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಮಾಸ್ತರರು ಕಿಟಕಿಯ ಆಚೆ ನೋಡಿ, "ಹೋಗಲಾರದ ಏನವಾ? ಆ ಹುಣಚಿ ಗಿಡದ ಬುಡಕ್ಕ ದಂಡು ಇಳದಿತ್ತು. ನಿಮ್ಮ ಬಾಂವ್ಯಾಗ ಅವನ ಕುದುರಿ ನೀರ ಕುಡದೈತಿ" ಎಂದುಬಿಟ್ಟರು. ವರ್ಗಕ್ಕೆ ವರ್ಗವೇ ನೆಟ್ಟಗೆ ಕೂತಿತು. ಹುಣಸೆಮರಕ್ಕೆ ಎಷ್ಟು ವಯಸ್ಸು ಎಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ. ಮರುದಿನದಿಂದ ರಾಷ್ಟ್ರಕೂಟರು, ಹೊಯ್ಸಳರು ಎಲ್ಲ ಅದೇ ದಾರಿ ಹಿಡಿದರು. ಪಕ್ಕದ ಕೋಣೆಯಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಹೊಟ್ಟೆಕಿಚ್ಚು. ನನ್ನ ಭಿನ್ನರಾಶಿಗಳು ಯಾರ ತೋಟದಲ್ಲೂ ಇಳಿಯುವಂತಿರಲಿಲ್ಲ.

ಹೀಗೆ ಸುಖವಾಗಿ ನಡೆದಿದ್ದಾಗ, ಬೋರ್‌ವೆಲ್ ಬಂದ ಮೇಲೆ ಹಾಳುಬಿದ್ದಿದ್ದ ಆ ಬಾವಿಯನ್ನು ಮುಚ್ಚಿ ಕಬ್ಬು ಹಚ್ಚಬೇಕೆಂದು ಮಲಕಾರಿ ಜೆಸಿಬಿ ಕರೆಸಿದ. ಶೈಲಾ ಬಾವಿಯ ಕಟ್ಟೆಯ ಮೇಲೆ ಕೂತವಳು ಏಳಲೇ ಇಲ್ಲ. ರಾಜನ ಬಾವಿ ಮುಚ್ಚಬಾರದೆಂದು ಅವಳ ಹಟ. ಮಲಕಾರಿ ಮಗಳ ಕೈಹಿಡಿದು ನೇರ ಶಾಲೆಗೆ ಬಂದ.

"ಸರ್, ಆ ಬಾಂವ್ಯಾಗ ನಮ್ಮ ಎಮ್ಮಿನ ಇಳಿಯೂದಿಲ್ಲ, ರಾಜಾನ ಕುದುರಿ ಹೆಂಗ ಇಳೀತ್ರಿ? ಆದ್ರೂ ನೀವು ಕಲತವರು. ಖರೇ ಅಂದ್ರ ಮುಚ್ಚೂದಿಲ್ರಿ. ಕಬ್ಬು ಹೋದ್ರ ಹೋಗ್ಲಿ. ಖರೇ ಏನ ಹೇಳ್ರಿ."

ಅವನು ಅದನ್ನು ತಮಾಷೆಗೆ ಕೇಳಿರಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ. ಮಕ್ಕಳೆಲ್ಲ ಮಾಸ್ತರರ ಮುಖವನ್ನೇ ನೋಡುತ್ತಿದ್ದರು. ಹೌದೆಂದರೆ ಒಬ್ಬ ರೈತನ ನೆಲ ಸುಳ್ಳಿಗೆ ಹೋಗುತ್ತದೆ, ಇಲ್ಲವೆಂದರೆ ಈ ಮಕ್ಕಳು ಇನ್ನು ಅವರ ಒಂದು ಮಾತನ್ನೂ ನಂಬುವುದಿಲ್ಲ. ಮಾಸ್ತರರನ್ನು ಕಂಡು ನನಗೆ ನಿಜಕ್ಕೂ ಪಾಪ ಅನ್ನಿಸಿತು.

"ಇಲ್ರಿ ಮಲಕಾರೆಪ್ಪ," ಎಂದರು. "ಪುಲಕೇಶಿ ಇಲ್ಲಿಗೆ ಬಂದದ್ದಕ್ಕ ಏನೂ ಆಧಾರ ಇಲ್ಲ. ಹುಡುಗೂರು ಮಲಗಬಾರದಂತ ನಾನ ಹೇಳಿದ್ದು."

ಮಲಕಾರಿ ಕೈಮುಗಿದು ಹೋದ. ಶೈಲಾ ಮಾತ್ರ ನಿಂತೇ ಇದ್ದಳು.

"ಹಂಗಾದ್ರ ಪುಲಕೇಶಿನೂ ಇದ್ದಿಲ್ಲೇನ್ರಿ ಸರ್?"

ಇದ್ದ ಎಂದು ಮಾಸ್ತರರು ಎಷ್ಟು ಹೇಳಿದರೂ ಅವಳ ಮುಖದ ಗಂಟು ಬಿಚ್ಚಲಿಲ್ಲ. ಅಂದು ಸಂಜೆ ಬಾವಿ ಮುಚ್ಚಿತು. ಮರುದಿನದಿಂದ ಮಾಸ್ತರರ ವನವಾಸ ಶುರುವಾಯಿತು. ಅಶೋಕ ಎಂದರೆ ಸಾಕು, "ಆಧಾರ ಏನೈತ್ರಿ?" ಎಂದು ಶೈಲಾ ಏಳುತ್ತಿದ್ದಳು, ಅವಳ ಹಿಂದೆ ಇಡೀ ವರ್ಗ. ಮಾಸ್ತರರು ಹಳೆಯ ನಾಣ್ಯ ತಂದರು, ಶಾಸನದ ಫೋಟೊ ತಂದರು, ತಮ್ಮ ಎಂ-೮೦ ಗಾಡಿಗೆ ಪುಸ್ತಕದ ಚೀಲ ಕಟ್ಟಿಕೊಂಡು ಅಥಣಿಯ ಲೈಬ್ರರಿಗೂ ಶಾಲೆಗೂ ಓಡಾಡಿದರು.

ಒಮ್ಮೆ ನನ್ನೆದುರು ಗೋಳಾಡಿದರು: "ನಿಮಗೇನ್ರಿ ಚೊಲೋ ಐತಿ. ಎರಡಕ್ಕ ಎರಡು ಕೂಡಿದ್ರ ನಾಕು ಅಂದ್ರ ಯಾರೂ ಅಪ್ಪನ್ನ ಕರ್ಕೊಂಡ ಬರೂದಿಲ್ಲ."

ಕಡೆಗೆ ಆ ವರ್ಷದ ಪ್ರವಾಸಕ್ಕೆ ಮಕ್ಕಳನ್ನು ಬಾದಾಮಿಗೇ ಒಯ್ದರು. ಗುಹೆಯ ತಂಪು ಕಲ್ಲನ್ನು ಶೈಲಾ ಮುಟ್ಟಿ ಮುಟ್ಟಿ ನೋಡಿದಳು.

"ಇದನ್ನ ಕಡಿಸಿದ ಮಂದಿ ನಮ್ಮ ತ್ವಾಟಕ್ಕ ಬಂದಿಲ್ಲಲ್ರಿ?"

"ಇಲ್ಲವಾ. ನಾವ ಅವರ ಕಡೆ ಬಂದೀವಿ," ಎಂದರು ಮಾಸ್ತರರು. ಅವಳು ಇನ್ನೊಮ್ಮೆ ಕಲ್ಲು ಮುಟ್ಟಿ ಮುಂದಿನ ಗುಹೆಗೆ ನಡೆದಳು. ಬಸ್ಸಿನಲ್ಲಿ ನನ್ನ ಪಕ್ಕ ಕೂತ ಮಾಸ್ತರರು ಹಾರೂಗೇರಿ ಬರುವವರೆಗೂ, ಹುಡುಗಿ ನಂಬಿದಳೋ ಇಲ್ಲವೋ ಎಂದು ನನ್ನ ತಲೆ ತಿಂದರು.

ಮುಂದಿನ ವರ್ಷ ಅವರಿಗೆ ಕಾಗವಾಡದ ಕಡೆ ವರ್ಗವಾಯಿತು. ಬೀಳ್ಕೊಡುವ ದಿನ ಶಾಲು, ತೆಂಗಿನಕಾಯಿ ಎಲ್ಲ ಮುಗಿದ ಮೇಲೆ ಶೈಲಾ ತನಗಿಂತ ಉದ್ದದ ಒಂದು ಕಬ್ಬು ಹೊತ್ತುಕೊಂಡು ಮುಂದೆ ಬಂದಳು.

"ತಗೋರಿ ಸರ್. ಪುಲಕೇಶಿ ಕುದುರಿ ನೀರ ಕುಡದ ಜಾಗಾದಾಗ ಬೆಳದದ್ದು."

ಎಲ್ಲರೂ ನಕ್ಕರು. ಮಾಸ್ತರರ ಕಿವಿ ಕೆಂಪಾಯಿತು. ಆದರೂ ಬಿಡಲಿಲ್ಲ.

"ಆಧಾರ ಏನವಾ?" ಎಂದು ಕೇಳಿದರು.

"ನೀವ ಹೇಳಿದ್ರಲ್ರಿ," ಎಂದಳು ಶೈಲಾ.

ಮಾಸ್ತರರು ಎರಡೂ ಕೈ ಚಾಚಿ ಕಬ್ಬನ್ನು ತೆಗೆದುಕೊಂಡರು. ಆ ಕಬ್ಬನ್ನು ಗಾಡಿಗೆ ಅಡ್ಡ ಕಟ್ಟಿಕೊಂಡು, ಎದುರಿಗೆ ಬಂದವರಿಂದೆಲ್ಲ ದಾರಿ ಬಿಡಿಸಿಕೊಳ್ಳುತ್ತ ಹಾರೂಗೇರಿಯವರೆಗೆ ಹೋದರು.